ನಟ್ಟು ಬಿಚ್ಚುವ ಗದೆ

ಬಿಚ್ಚಬೇಕಾದದ್ದು ಬಿಚ್ಚದೇ ಹಟ ಹಿಡಿಯುವುದು, ಬಿಚ್ಚಬಾರದ್ದು ತಾನಾಗಿ ಕಳಚಿ ಬೀಳುವುದು, ಎರಡು ಹೊತ್ತಿಗೂ ಸರಿಯಾಗಿ ನಾನು ಅಲ್ಲಿ ಹಾಜರಿರುವುದು, ಇದು ನನ್ನ ಜಾತಕದಲ್ಲೇ ಇರಬೇಕು. ಓದಿದ್ದು ಬಿ.ಕಾಂ. ಕೆಲಸ ಕೆ.ಆರ್. ಪುರದ ಆಚೆ ಒಂದು ಕಾರ್ಖಾನೆಯಲ್ಲಿ ಗುಮಾಸ್ತಿಕೆ. ಕೈಗೆ ಪೆನ್ನಿನ ಇಂಕು ಬಿಟ್ಟರೆ ಬೇರೆ ಜಿಡ್ಡು ಅಂಟುವ ಅಗತ್ಯವೇ ಇರಲಿಲ್ಲ. ಆದರೂ ಹಲಸೂರಿನಲ್ಲಿ ನಾನು ಹೆಸರು ಮಾಡಿದ್ದು ತುಕ್ಕು ಹಿಡಿದ ನಟ್ಟು ಬಿಚ್ಚುವವನು ಅಂತ. ಬಿಚ್ಚುತ್ತಿದ್ದೆ ಅನ್ನುವುದು ನಿಜ. ಬಿಚ್ಚಿದ ಮೇಲೆ ಏನಾಗುತ್ತಿತ್ತು ಅನ್ನುವುದು ಬೇರೆ ವಿಷಯ. ಇದಕ್ಕೆಲ್ಲ ಮೂಲ ಕಾರಣ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ.

ನಾಯಿಯ ಹೊಸತೊಡಕು

ತೊಂಬತ್ತರ ದಶಕದ ಶುರು, ನನಗೆ ಮದುವೆಯಾದ ಹೊಸತು. ಹೆಂಡತಿಯ ತವರು ಹೊರಮಾವು. ಆಗ ಅದಿನ್ನೂ ಹಳ್ಳಿ. ಈಗ ಅಪಾರ್ಟ್‌ಮೆಂಟು ಎದ್ದಿರುವ ಕಡೆ ಮಾವನವರ ರಾಗಿ ಹೊಲ ಇತ್ತು.

ಯುಗಾದಿಯ ಮಾರನೇ ದಿನ ಹೊಸತೊಡಕು. ಅವತ್ತು ಮಟನ್ ಸಾರಿನ ಘಮ ಬರದ ಮನೆ ಆ ಊರಲ್ಲಿ ಇರುತ್ತಿರಲಿಲ್ಲ. ಊರವರು ಸೇರಿ ಕುರಿ ಕಡಿದು, ಗುಡ್ಡೆ ಹಾಕಿ, ಮನೆಗೊಂದು ಗುಡ್ಡೆಯಂತೆ ಹಂಚಿಕೊಳ್ಳುತ್ತಿದ್ದರು. ನಾನು ಹೊಸ ಅಳಿಯ. ಸುಮ್ಮನಿರಬಾರದಾ? "ಈ ಸಲ ಗುಡ್ಡೆ ಮಾಂಸ ಬೇಡ ಅತ್ತೆ. ರಸೆಲ್ ಮಾರುಕಟ್ಟೇಲಿ ನನಗೆ ಗೊತ್ತಿರೋ ಅಂಗಡಿ ಇದೆ. ಎಳೇ ಕುರಿದು ನಾನೇ ತರ್ತೀನಿ" ಅಂದುಬಿಟ್ಟೆ. ಅತ್ತೆ ನಂಬಿದರು. ಊರ ಪಾಲು ಬೇಡವೆಂದು ಹೇಳಿ ಕಳಿಸಿ, ಬೆಳಿಗ್ಗೆಯೇ ಮಸಾಲೆ ಅರೆದಿಟ್ಟುಕೊಂಡು ಕೂತರು.

ಮಟನ್ನು ಸಿಕ್ಕಿತು, ಚೀಲವನ್ನು ಸ್ಕೂಟರಿನ ಕೊಕ್ಕೆಗೆ ನೇತುಹಾಕಿದ್ದೂ ಆಯಿತು. ಬಾಣಸವಾಡಿ ದಾಟುತ್ತಿದ್ದಂತೆ ಹಿಂದಿನ ಚಕ್ರ ಪಂಕ್ಚರ್. ಸ್ಟೆಪ್ನಿ ಇತ್ತು, ಪಾನಾ ಇತ್ತು. ಚಕ್ರದ ನಟ್ಟುಗಳೆಲ್ಲ ಮರ್ಯಾದೆಯಿಂದ ಬಂದವು, ಒಂದು ಮಾತ್ರ ಅಲುಗಲಿಲ್ಲ. ಪಾನಾ ಮೇಲೆ ನಿಂತೆ, ಕುಣಿದೆ. ಪಾನಾ ಜಾರಿ ಮೊಣಕಾಲಿಗೆ ಬಡಿಯಿತು. ದಾರಿಹೋಕರು ನಿಂತು ಸಲಹೆ ಕೊಟ್ಟು, ನಟ್ಟನ್ನು ಒಮ್ಮೆ ಮುಟ್ಟಿ, "ಬಾಳ ಟೈಟಾಗಿದೆ ಗುರು" ಅಂತ ನನಗೆ ಗೊತ್ತಿದ್ದನ್ನೇ ತಿಳಿಸಿ ಹೋದರು. ಬಿಸಿಲು ನೆತ್ತಿಗೆ ಬಂತು. ಕೊನೆಗೆ ಇಟ್ಟಿಗೆ ಹೊರುವ ಟ್ರ್ಯಾಕ್ಟರೊಂದು ಸ್ಕೂಟರನ್ನೂ ನನ್ನನ್ನೂ ಮಟನ್ನನ್ನೂ ಹೇರಿಕೊಂಡು ಹೊರಮಾವಿಗೆ ತಂದು ಇಳಿಸಿತು.

ಅಷ್ಟರಲ್ಲಿ ಮನೆಯವರೆಲ್ಲ ಹಿಂದಿನ ದಿನದ ಹೋಳಿಗೆ ಸಾರಿನಲ್ಲೇ ಉಂಡು ಕೈ ತೊಳೆದಿದ್ದರು. ಬೀದಿ ತುಂಬ ಮಟನ್ ಘಮ, ನಮ್ಮ ಮನೆಯಲ್ಲಿ ಬೇಳೆ ವಾಸನೆ. ಅತ್ತೆ ಚೀಲ ತೆಗೆದು ಮೂಸಿದರು, ಮುಖ ಸಿಂಡರಿಸಿದರು, ಹಿತ್ತಲಿಗೆ ಹೋಗಿ ನಾಯಿಯ ಮುಂದೆ ಸುರಿದರು.

"ಒಂದು ನಟ್ಟು ಬಿಚ್ಚೋಕಾಗ್ಲಿಲ್ವಾ ಅಳಿಯಂದ್ರೇ? ಇಂಥ ಕೈಗೆ ಮಗಳ ಕೈ ಕೊಟ್ವಲ್ಲ!" ಅಂದರು.

ನನಗೆ ಅವಮಾನವಾಯಿತು, ಅದೂ ಸಾಲದೆಂಬಂತೆ ಹಸಿವೂ ಆಗಿತ್ತು. ಇದೇ ಬಾಯಿಂದ ಒಂದು ದಿನ "ಭೇಷ್" ಅನ್ನಿಸಿಕೊಳ್ಳದಿದ್ದರೆ ನಾನು ಈ ಮನೆ ಅಳಿಯನೇ ಅಲ್ಲ ಅಂತ ಅಲ್ಲೇ ಶಪಥ ಮಾಡಿದೆ. ಮಾತು ಮುಗಿಸಿ ನೋಡಿದರೆ ಕೇಳಿಸಿಕೊಂಡದ್ದು ನಾಯಿ ಮಾತ್ರ. ಅದು ಕೃತಜ್ಞತೆಯಿಂದ ಬಾಲ ಅಲ್ಲಾಡಿಸುತ್ತಿತ್ತು.

ಗುಜರಿಯಲ್ಲಿ ಜನನ

ಶಪಥ ಮಾಡಿದ ಮೇಲೆ ಆಯುಧ ಬೇಕಲ್ಲ. ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಹೋದೆ. ಲಾರಿಯ ಮುರಿದ ಸ್ಪ್ರಿಂಗ್ ಪ್ಲೇಟಿನದೊಂದು ತುಂಡು, ಒಂದು ದಪ್ಪ ಸರಳು, ಒಳ್ಳೆ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಇದ್ದ ಒಂದು ಉದ್ದನೆ ಬೋಲ್ಟು ಆರಿಸಿಕೊಂಡು ಪಕ್ಕದ ವೆಲ್ಡಿಂಗ್ ಭಾಯಿಯ ಮುಂದೆ ಇಟ್ಟೆ.

ನನ್ನ ಯೋಚನೆ ಸರಳವಾಗಿತ್ತು. ಸರಳಿನ ಒಂದು ತುದಿಗೆ ಪ್ಲೇಟಿನಿಂದ ಕತ್ತರಿಸಿದ ಎರಡು ಹಲ್ಲು. ಬೋಲ್ಟು ತಿರುಗಿಸಿದರೆ ಆ ಹಲ್ಲುಗಳು ಹತ್ತಿರ ಬಂದು ಎಂಥ ನಟ್ಟನ್ನಾದರೂ ಕಚ್ಚಿ ಹಿಡಿಯಬೇಕು. ನೆತ್ತಿಯಲ್ಲಿ ಸುತ್ತಿಗೆಯಿಂದ ಬಡಿಯುವುದಕ್ಕೆ ಒಂದು ದುಂಡನೆ ಮಂಡೆ. ಬಡಿದರೆ ತುಕ್ಕು ಸಡಿಲವಾಗುತ್ತೆ, ಆಮೇಲೆ ಹಿಡಿಕೆ ಹಿಡಿದು ತಿರುಗಿಸುವುದು.

ಭಾಯಿ ಕಿಡಿ ಹಾರಿಸುತ್ತ ಬೆಸೆದ, ಅರ ಹಾಕಿ ಉಜ್ಜಿದ, ನೀರಿಗೆ ಅದ್ದಿ ತಣ್ಣಗೆ ಮಾಡಿದ. ಆಮೇಲೆ ಅದನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದ. ಎಲ್ಲಿಂದ ನೋಡಿದರೂ ಅದು ಭೀಮನ ಗದೆಯ ಹಾಗೇ ಇತ್ತು.

"ಅರೇ ಸಾಬ್, ಸಚ್ ಬೋಲೋ. ಯಾರಿಗೆ ಹೊಡಿಯೋಕೆ ಇದು?"

"ಹೊಡಿಯೋಕಲ್ಲ ಭಾಯಿ, ಬಿಚ್ಚೋಕೆ. ನಮ್ಮತ್ತೆ ಮನೇಲಿ ಒಂದು ಮಾತು ಬಂತು, ಅದಕ್ಕೆ."

ಭಾಯಿಯ ಕಣ್ಣು ಅಗಲವಾದವು. "ಅತ್ತೆಗಾ? ಬೇಡ ಸಾಬ್, ಕೇಸಾಗುತ್ತೆ" ಅಂತ ಗದೆಯನ್ನು ಹಿಂದಕ್ಕೆ ಎಳೆದುಕೊಂಡ. ಹೊಸತೊಡಕಿನ ಕಥೆ ಪೂರ್ತಿ ಹೇಳಿ ಅವನನ್ನು ಒಪ್ಪಿಸಬೇಕಾಯಿತು. ಕೊಡುವಾಗ ಒಂದು ಕಿವಿಮಾತನ್ನೂ ಹೇಳಿದ. "ಸೀದಾ ಬಿಚ್ಚೋಕೆ ಹೋಗಬೇಡಿ. ಮೊದ್ಲು ಸ್ವಲ್ಪ ಬಿಗಿ ಮಾಡಿ. ಜರಾ ಸಾ. ಅಲುಗಿತು ಅಂದ್ರೆ ಆಮೇಲೆ ಉಲ್ಟಾ ತಿರುಗ್ಸಿ. ಆಗ ಬರುತ್ತೆ."

ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದಿದ್ದ ಸ್ಕೂಟರಿನ ಆ ನಟ್ಟು ಅವನ ಅಂಗಡಿ ಮುಂದೆಯೇ ಬಂತು. ನಾನು ಕುಣಿದಾಡಿಬಿಟ್ಟೆ. ಹೊರಡುವಾಗ ಭಾಯಿ ಕೂಗಿ ಹೇಳಿದ, "ಸಾಬ್, ಅತ್ತೆಗೆ ನನ್ನ ಹೆಸರು ಹೇಳಬೇಡಿ!"

ಪೂರ್ತಿ ತೆರೆದ ಗೇಟು

ಗದೆಯ ಸುದ್ದಿ ಹಬ್ಬಿತು. ನನ್ನ ಸಹೋದ್ಯೋಗಿಯೊಬ್ಬ ಕುಕ್ ಟೌನಿನ ಹಳೇ ಬಂಗಲೆಯೊಂದರ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದ. ಬಂಗಲೆಯ ಒಡತಿ ಒಬ್ಬರು ವಯಸ್ಸಾದ ಆಂಗ್ಲೋ ಇಂಡಿಯನ್ ಮೇಡಂ. ಅವರ ದೊಡ್ಡ ಕಬ್ಬಿಣದ ಗೇಟಿನ ಒಂದು ಬಾಗಿಲು ಎಷ್ಟೋ ವರ್ಷದಿಂದ ತೆರೆದೇ ಇರಲಿಲ್ಲ, ಕೀಲಿನ ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕ್ರಿಸ್‌ಮಸ್ಸಿಗೆ ತಂಗಿಯ ಮಗ ಕಾರಿನಲ್ಲಿ ಬರುವವನಿದ್ದ.

ಭಾನುವಾರ ಬೆಳಿಗ್ಗೆ ಗದೆ ಹೆಗಲ ಮೇಲಿಟ್ಟುಕೊಂಡು ಹೋದೆ. ಸೀಮೆಎಣ್ಣೆ ಬಿಟ್ಟೆ, ಕಾದೆ. ಮಂಡೆಗೆ ಬಡಿದೆ. ಮೊದಲು ಸ್ವಲ್ಪ ಬಿಗಿ ಮಾಡಿದೆ, ಆಮೇಲೆ ಉಲ್ಟಾ. ಕಿರ್ರ್ ಅಂತ ಕೂಗಿಕೊಂಡು ನಟ್ಟು ಬಂದೇಬಿಟ್ಟಿತು. ಮೇಡಂ ವರಾಂಡದಿಂದ ಚಪ್ಪಾಳೆ ತಟ್ಟಿದರು.

ಆ ಗೇಟನ್ನು ಅಷ್ಟು ವರ್ಷ ನಿಲ್ಲಿಸಿದ್ದು ಆ ತುಕ್ಕೇ ಅನ್ನುವುದು ನನಗೆ ಹೇಗೆ ಗೊತ್ತಾಗಬೇಕು? ಚಪ್ಪಾಳೆ ಮುಗಿಯುವುದರೊಳಗೆ ಇಡೀ ಬಾಗಿಲು ನಿಧಾನವಾಗಿ ವಾಲಿ, ದಾಸವಾಳದ ಗಿಡದ ಮೇಲೆ ಅಂಗಾತ ಮಲಗಿತು. ನಾನು ಹಾರಿ ಪಕ್ಕಕ್ಕೆ ನಿಂತೆ. ಮೇಡಂ ಇಳಿದು ಬಂದು, ಬಿದ್ದ ಗೇಟನ್ನೂ ಖಾಲಿ ಜಾಗವನ್ನೂ ನೋಡಿದರು.

"ವೆಲ್ ಮ್ಯಾನ್," ಅಂದರು, "ಓಪನ್ ಮಾಡು ಅಂದೆ. ಓಪನ್ ಆಗಿದೆ. ಕಂಪ್ಲೇಂಟ್ ಇಲ್ಲ. ಕ್ಲೋಸ್ ಮಾಡೋಕೆ ಮಾತ್ರ ನಿನ್ನ ಕರಿಯೋದಿಲ್ಲ."

ಈ ಸುದ್ದಿ ನನಗಿಂತ ಮುಂಚೆ ಹೊರಮಾವು ಮುಟ್ಟಿತ್ತು. ಮುಂದಿನ ಆಯುಧ ಪೂಜೆಗೆ ಅತ್ತೆ ನಮ್ಮ ಮನೆಗೆ ಬಂದಾಗ ಸ್ಕೂಟರು, ಈಳಿಗೆ ಮಣೆ, ಕತ್ತರಿ, ಕೊನೆಗೆ ನನ್ನ ಪೆನ್ನಿಗೂ ಕುಂಕುಮ ಬಿತ್ತು. ಗದೆಯನ್ನು ಮಣೆಯ ಮೇಲಿಡಲು ಹೋದರೆ ಅಡ್ಡ ಬಂದರು. "ಅದು ಆಯುಧ ಅಲ್ಲ, ಅಪಶಕುನ. ಆಚೆ ಇಡಿ." ಅಂದಿನಿಂದ ಗದೆಗೆ ಜಾಗ ಹೊರಗೆ, ಚಪ್ಪಲಿಗಳ ಪಕ್ಕ. ಚಪ್ಪಲಿಗಾದರೂ ಆಗಾಗ ಒಳಗೆ ಬರುವ ಅವಕಾಶವಿತ್ತು, ಮಳೆ ಬಂದಾಗ.

ವಠಾರದ ಗಂಗಾವತರಣ

ಹಲಸೂರಿನಲ್ಲಿ ನಾವಿದ್ದದ್ದು ವಠಾರ. ಎಲ್ಲರಿಗೂ ಸೇರಿ ಅಂಗಳದಲ್ಲಿ ಒಂದು ನಲ್ಲಿ. ನೀರು ದಿನ ಬಿಟ್ಟು ದಿನ ಬರುತ್ತಿತ್ತು, ಅದೂ ಬೇಜಾರಿನಿಂದ ಬಂದ ಹಾಗೆ. ಒಂದು ದಿನ ನೀರು ಬಂದಿದೆ, ಕೊಳಾಯಿಯೊಳಗೆ ಸದ್ದು ಕೇಳುತ್ತಿದೆ, ನಲ್ಲಿ ಮಾತ್ರ ತಿರುಗುತ್ತಿಲ್ಲ. ಕೊಡಗಳು ಸಾಲಾಗಿ ಕೂತಿವೆ, ಹಿಂದೆ ಹೆಂಗಸರು ನಿಂತಿದ್ದಾರೆ. ಎದುರು ಮನೆಯ ತಮಿಳು ಅಜ್ಜಿ ನನ್ನ ಬಾಗಿಲಿಗೆ ಬಂದರು. "ತಂಬಿ, ಉನ್ ಗದೆ ಎಡು" ಅಂತ ಗದೆ ಎತ್ತಿಕೊಳ್ಳಲು ಅಪ್ಪಣೆ ಮಾಡಿದರು.

ನಲ್ಲಿಯ ತಲೆಗೆ ಗದೆಯ ಹಲ್ಲು ಕಚ್ಚಿಸಿ, ಒಂದೇಟು ಬಡಿದು, ಬಿಗಿ ಮಾಡಿ, ಬಿಚ್ಚಿದೆ. ತಲೆ ಬಂತು. ಅಂದರೆ ಪೂರ್ತಿ ಬಂತು, ಗದೆಯ ಹಲ್ಲಿನಲ್ಲೇ ಉಳಿಯಿತು. ನೀರು ನನ್ನ ಎದೆಗೆ ಗುದ್ದಿ, ಮೇಲೆ ಚಿಮ್ಮಿ, ಮಾಳಿಗೆಯ ಮೇಲೆ ಒಣಗಿದ್ದ ಬಟ್ಟೆಯನ್ನೂ ನೆನೆಸಿತು. "ವಾಲ್ವ್ ಎಲ್ಲಿದೆ, ವಾಲ್ವ್!" ಅಂತ ನಾನು ಕಿರುಚಿದರೆ ಯಾರೂ ಕಿವಿಗೊಡಲಿಲ್ಲ. ಕೊಡ ತುಂಬಿತು, ಹಂಡೆ ತುಂಬಿತು, ಇಡ್ಲಿ ಪಾತ್ರೆ ತುಂಬಿತು. ಯಾರೋ ಮಕ್ಕಳಿಗೆ ಸೋಪು ಹಚ್ಚಿದರು. ಅಜ್ಜಿ ಅಂಗಳಕ್ಕೆ ಚಾಪೆ ತಂದು ಹಾಸಿ ತೊಳೆಯತೊಡಗಿದರು. ಮನೆ ಮಾಲೀಕ ಮೇಲಿನಿಂದ ಬೈಯುತ್ತ ಇಳಿದು ಬಂದು ವಾಲ್ವ್ ತಿರುಗಿಸುವ ಹೊತ್ತಿಗೆ ವಠಾರದಲ್ಲಿ ಒಣಗಿದ ಪಾತ್ರೆ ಅನ್ನುವುದೇ ಉಳಿದಿರಲಿಲ್ಲ.

ನಾನು ನೆನೆದ ಕೋಳಿಯಾಗಿ ನಿಂತಿದ್ದೆ. ಅಜ್ಜಿ ಹತ್ತಿರ ಬಂದು ಸೆರಗಿನಲ್ಲಿ ನನ್ನ ತಲೆ ಒರೆಸಿದರು.

"ನಲ್ಲ ಕೆಲಸ ತಂಬಿ," ಅಂದರು. "ನಾಡಿದ್ದೂ ನೀರು ಬರುತ್ತೆ. ಹೀಗೇ ರಿಪೇರಿ ಮಾಡಪ್ಪಾ."

ಸಾಹೇಬರ ಪೆಡಲು

ಇದು ಚಿಕ್ಕದು. ನಮ್ಮ ಆಫೀಸಿನ ಸಾಹೇಬರ ಮನೆ ಇಂದಿರಾನಗರದಲ್ಲಿ. ಅವರ ಮಗಳ ಸೈಕಲ್ಲಿನ ಎಡಗಡೆ ಪೆಡಲು ಮುರಿದಿತ್ತು, ಬಿಚ್ಚಲು ಬರುತ್ತಿರಲಿಲ್ಲ. ಗದೆ ಸಮೇತ ನನ್ನನ್ನು ಕರೆಸಿದರು. ಸಾಹೇಬರ ಎದುರು ಭಾಯಿಯ ಕಿವಿಮಾತು ಮರೆತು ಸೀದಾ ಬಲ ಹಾಕಿದೆ. ಸಾಹೇಬರೂ ಬಂದು ಕೈ ಜೋಡಿಸಿದರು. ಹಿಡಿಕೆಗೆ ನೀರಿನ ಪೈಪು ಸಿಕ್ಕಿಸಿ ಇಬ್ಬರೂ ನೇತಾಡಿದೆವು. ಸಾಹೇಬರ ಅಂಗಿಯ ಗುಂಡಿ ಹಾರಿತು, ನನ್ನ ಬೆನ್ನು ಹಿಡಿದುಕೊಂಡಿತು, ಪೆಡಲು ಮಾತ್ರ ಇನ್ನೂ ಗಟ್ಟಿಯಾಯಿತು.

ಕಾಫಿ ತಂದ ಅವರ ಶ್ರೀಮತಿಯವರು ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದು, "ಇನ್ನೊಂದು ಕಡೆಗೆ ತಿರುಗ್ಸಿದ್ರಾ?" ಅಂತ ಕೇಳಿದರು.

ತಿರುಗಿಸಿರಲಿಲ್ಲ. ತಿರುಗಿಸಿದೆವು. ಬಂತು. ಸೈಕಲ್ಲಿನ ಎಡಗಡೆ ಪೆಡಲಿಗೆ ಮರೆ ಉಲ್ಟಾ ಇರುತ್ತಂತೆ. ಬಲಗಡೆಯದಕ್ಕೆ ಯಾವುದು ಬಿಗಿಯೋ, ಎಡಗಡೆಯದಕ್ಕೆ ಅದು ಸಡಿಲ.

ಶ್ರೀಮತಿಯವರು ಕಾಫಿ ಲೋಟ ಕೊಡುತ್ತ, "ಇಬ್ಬರೂ ಒಂದೇ ಆಫೀಸಲ್ಲಿ ಅಲ್ವಾ?" ಅಂದರು. "ಗೊತ್ತಾಗುತ್ತೆ ಬಿಡಿ."

ಅತ್ತೆಯ ಎಡಗಿವಿ

ಎರಡು ಸಾವಿರದ ಇಸವಿ ದಾಟಿತು. ಹೊರಮಾವಿನ ಹೊಲದಲ್ಲಿ ಕಟ್ಟಡ ಎದ್ದವು, ಅತ್ತೆಯ ಕಣ್ಣಿನಲ್ಲಿ ಪೊರೆ ಬಂತು. ಅಕ್ಕಿಯಲ್ಲಿ ಕಲ್ಲು ಕಾಣುತ್ತಿರಲಿಲ್ಲ. ಮೊಮ್ಮಗಳ ಮುಖ ನೋಡಬೇಕಾದರೂ ಗಲ್ಲ ಹಿಡಿದು ಹತ್ತಿರ ಎಳೆದುಕೊಳ್ಳುತ್ತಿದ್ದರು. ಕಂಟೋನ್ಮೆಂಟಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಯಿತು. ಅಲ್ಲಿಯ ನರ್ಸಮ್ಮ ಖಡಾಖಂಡಿತವಾಗಿ ಹೇಳಿದ್ದರು, ಮೈಮೇಲೆ ಒಂದು ಚೂರೂ ಒಡವೆ ಇರಬಾರದು.

ಬಳೆ ಬಂತು, ಸರ ಬಂತು. ಬಲಗಿವಿಯ ಕೆಂಪಿನ ಓಲೆ ಸೋಪು ನೀರಿಗೆ ಬಂತು. ಎಡಗಿವಿಯದು ಬರಲಿಲ್ಲ. ಮದುವೆಯ ದಿನ ಅವರ ತಾಯಿ ಹಾಕಿದ ಓಲೆ, ಅಂದಿನಿಂದ ಕಿವಿಯಿಂದ ಇಳಿದೇ ಇರಲಿಲ್ಲ. ನನ್ನ ಹೆಂಡತಿ ತಿರುಗಿಸಿದಳು, ಪಕ್ಕದ ಮನೆಯವರು ತಿರುಗಿಸಿದರು. ಹಲಸೂರಿನ ಚಿನ್ನದಂಗಡಿಯವನು ಇಕ್ಕಳ ಹಿಡಿದು ತಿರುಗಿಸಿ, ಕಿವಿ ಕೆಂಪಾದ ಮೇಲೆ, "ಆಗಲ್ಲಮ್ಮ, ಕಟ್ ಮಾಡ್ಬೇಕು" ಅಂದನಂತೆ.

"ನಮ್ಮಮ್ಮನ ಓಲೆ ಕತ್ತರಿಸೋದಾದ್ರೆ ನನಗೆ ಕಣ್ಣೇ ಬೇಡ" ಅಂತ ಅತ್ತೆ ಎದ್ದು ಬಂದುಬಿಟ್ಟರು. ಹೇಳಿದರೆ ಹೇಳಿದ ಹಾಗೆ ನಡೆಯುವ ಹೆಂಗಸು. ಮನೆಯವರಿಗೆಲ್ಲ ಗಾಬರಿಯಾಯಿತು.

ನನ್ನ ಆಫೀಸಿಗೆ ಹೆಂಡತಿಯ ಫೋನು ಬಂತು. "ರೀ, ಅಮ್ಮ ನಿಮ್ಮನ್ನ ಕರೀತಿದ್ದಾರೆ. ನೀವು ಮಾತ್ರ ಬರ್ಬೇಕಂತೆ. ಗದೆ ಬರಬಾರದಂತೆ."

ಫೋನಿಟ್ಟ ಮೇಲೆ ಬಿದ್ದ ಗೇಟು, ಕಿತ್ತು ಬಂದ ನಲ್ಲಿ ಎಲ್ಲ ಕಣ್ಣ ಮುಂದೆ ಬಂದವು. ಕುಕ್ ಟೌನಿನ ಗೇಟನ್ನು ಎತ್ತಿ ನಿಲ್ಲಿಸಬಹುದು. ಅತ್ತೆಯ ಕಿವಿ ಹರಿದರೆ ಯಾವ ವೆಲ್ಡಿಂಗ್ ಭಾಯಿ ಬೆಸೆದುಕೊಡುತ್ತಾನೆ?

ಗದೆಯ ಉಪಾಯವನ್ನೇ ಚಿಕ್ಕದು ಮಾಡಿದೆ. ಬಟ್ಟೆ ಒಣಗಿಸುವ ಮರದ ಕ್ಲಿಪ್ಪು ಎರಡು ತೆಗೆದುಕೊಂಡು, ಅವುಗಳ ಬಾಯಿಗೆ ಸೈಕಲ್ ಟ್ಯೂಬಿನ ರಬ್ಬರು ಅಂಟಿಸಿದೆ. ಒಂದು ಮುಂದೆ ಓಲೆಯನ್ನು ಹಿಡಿಯುವುದಕ್ಕೆ, ಇನ್ನೊಂದು ಹಿಂದೆ ತಿರುಪನ್ನು ಹಿಡಿಯುವುದಕ್ಕೆ.

ಹೊರಮಾವಿನ ಜಗಲಿಯಲ್ಲಿ ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನನ್ನ ಕೈಯಲ್ಲಿದ್ದದ್ದನ್ನು ತಡವಿ ನೋಡಿದರು.

"ಇದು ಬಟ್ಟೆ ಕ್ಲಿಪ್ಪಲ್ವಾ? ನನ್ನ ಕಿವಿ ಒಣಗಾಕ್ತೀರಾ?"

"ಸ್ವಲ್ಪ ಸುಮ್ಮನಿರಿ ಅತ್ತೆ." ಕೊಬ್ಬರಿ ಎಣ್ಣೆ ಬಿಟ್ಟೆ, ನೆನೆಯಲಿ ಅಂತ ಕಾದೆ. ಕ್ಲಿಪ್ಪು ಎರಡನ್ನೂ ಕಚ್ಚಿಸಿದೆ. ಭಾಯಿಯ ಮಾತು ನೆನಪಾಯಿತು. "ಮೊದ್ಲು ಸ್ವಲ್ಪ ಬಿಗಿ ಮಾಡ್ತೀನಿ."

"ಏನಂದ್ರಿ?" ಅತ್ತೆ ಕುರ್ಚಿಯಲ್ಲೇ ನೆಟ್ಟಗಾದರು. "ಬಿಚ್ಚೋಕೆ ಬಂದೋರು ಬಿಗಿ ಮಾಡ್ತೀರಾ? ಎಲ್ಲರೂ ಸೇರಿ ಬಿಗಿ ಮಾಡಿದ್ದು ಸಾಲದಾ? ಅಯ್ಯೋ, ಯಾರಾದ್ರೂ ಬನ್ರೋ!"

ಅಷ್ಟರಲ್ಲಿ ನಾನು ಬಿಗಿ ಮಾಡಿಯಾಗಿತ್ತು. ತಿರುಪು ತಿರುಗಿತು. ಬೆಣ್ಣೆಯಲ್ಲಿ ತಿರುಗಿದ ಹಾಗೆ ಹಗುರವಾಗಿ ತಿರುಗಿತು. ನನಗೆ ಜೀವ ಬಾಯಿಗೆ ಬಂತು, ಇನ್ನಷ್ಟು ಬಿಗಿದೇಬಿಟ್ಟೆನಲ್ಲ ಅಂತ. ತಕ್ಷಣ ಸಾಹೇಬರ ಮಗಳ ಸೈಕಲ್ಲು ನೆನಪಾಯಿತು. ಎಡಗಡೆ! ಆ ಕಾಲದ ಅಕ್ಕಸಾಲಿ ಅದೇಕೋ ಎಡಗಿವಿಯ ತಿರುಪಿಗೆ ಮರೆಯನ್ನು ಉಲ್ಟಾ ಹಾಕಿದ್ದ. ಬಿಚ್ಚುತ್ತೇವೆ ಅಂದುಕೊಂಡವರೆಲ್ಲ ಬಿಗಿ ಮಾಡುತ್ತಲೇ ಬಂದಿದ್ದರು. ಬಿಗಿ ಮಾಡಲು ಹೋದ ನಾನೊಬ್ಬ ಬಿಚ್ಚಿದ್ದೆ. ಅದೇ ಕಡೆಗೆ ಇನ್ನೂ ತಿರುಗಿಸಿದೆ. ಓಲೆ ನನ್ನ ಅಂಗೈಗೆ ಬಿತ್ತು.

ಅತ್ತೆ ಬೋಳು ಕಿವಿಯನ್ನು ಮುಟ್ಟಿಕೊಂಡರು. ಕಣ್ಣಲ್ಲಿ ನೀರು ಬಂತು.

"ನೋವಾಯ್ತಾ ಅತ್ತೆ?"

"ಇಲ್ಲ ಕಣಪ್ಪ. ನಮ್ಮಮ್ಮ ತಿರುಗ್ಸಿ ಹಾಕಿದ್ದು, ಇವತ್ತು ನೀನು ತಿರುಗ್ಸಿ ತೆಗೆದೆ." ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಈಗ ಭೇಷ್ ಅನ್ನುತ್ತಾರೆ ಅಂತ ಕಾದೆ. ಅವರು ಮೂಗು ಒರೆಸಿಕೊಂಡು, "ಎಣ್ಣೆ ಎಲ್ಲ ಸೀರೆಗೆ ಸುರಿದಿದ್ದೀರಿ" ಅಂದರು.

ಭೇಷ್

ಆಪರೇಷನ್ ಚೆನ್ನಾಗಿ ಆಯಿತು. ಅತ್ತೆಗೆ ಕಣ್ಣು ಬಂತು, ಓಲೆ ಮತ್ತೆ ಕಿವಿ ಸೇರಿತು. ಆ ವರ್ಷ ಆಯುಧ ಪೂಜೆಗೆ ಹಿಂದಿನ ದಿನವೇ ನಮ್ಮ ಮನೆಗೆ ಬಂದಿಳಿದರು.

ಹಬ್ಬದ ದಿನ ಆಫೀಸಿನ ಪೂಜೆ ಮುಗಿಸಿ, ಕಡಲೆಪುರಿ ಪೊಟ್ಟಣ ಹಿಡಿದು ಬಂದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ನೋಡಿದರೆ ಗದೆ ಅಲ್ಲಿರಲಿಲ್ಲ. ಗುಜರಿಗೆ ಹಾಕಿಬಿಟ್ಟರೇ ಅಂತ ಒಳಗೆ ಓಡಿದೆ. ದೇವರ ಮುಂದೆ ಮಣೆ, ಮಣೆಯ ಮೇಲೆ ಗದೆ. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಮಂಡೆಗೆ ಅರಿಶಿನ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ. ಪಕ್ಕದಲ್ಲೇ ಎರಡು ಬಟ್ಟೆ ಕ್ಲಿಪ್ಪಿಗೂ ಒಂದೊಂದು ಬೊಟ್ಟು.

"ಎಷ್ಟು ಕೊಳೆ ಇತ್ತು ರೀ ಅದರಲ್ಲಿ!" ಅತ್ತೆ ಹೆಮ್ಮೆಯಿಂದ ಅಂದರು. "ಸಂದಿ ಸಂದೀಲೂ ಎಣ್ಣೆ ಜಿಡ್ಡು. ಈಗ ಕಣ್ಣು ಕಾಣುತ್ತಲ್ಲ, ನಾನೇ ಕೂತು ತೆಗೆದೆ. ರಾತ್ರಿಯೆಲ್ಲ ಹುಣಿಸೆ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಬೂದಿ ಹಾಕಿ ಉಜ್ಜಿ, ಮೂರು ಸಲ ನೀರು ಸುರಿದು ತೊಳೆದೆ." ಆಮೇಲೆ ಬೇರೆ ಕಡೆ ನೋಡುತ್ತ, "ಭೇಷ್ ಆಯುಧ. ನೀವೂನು" ಅಂದರು.

ಬಾಣಸವಾಡಿಯ ಬಿಸಿಲು, ಹೊಟ್ಟೆಯ ಹಸಿವು, ನಾಯಿಯ ಬಾಲ, ಎಲ್ಲವೂ ಒಟ್ಟಿಗೆ ನೆನಪಾದವು. ಕಡಲೆಪುರಿ ಪೊಟ್ಟಣ ಹಿಡಿದುಕೊಂಡೇ ಅತ್ತೆಯ ಕಾಲಿಗೆ ಬಿದ್ದೆ.

ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯವರೆಗೆ ಮುಟ್ಟಬಾರದು. ನಾನು ಮುಟ್ಟಲಿಲ್ಲ. ಅತ್ತೆ ಮಾತ್ರ ಹೊತ್ತು ಹೊತ್ತಿಗೆ ಅದರ ಮೇಲೆ ತೀರ್ಥ ಚಿಮುಕಿಸುತ್ತಲೇ ಇದ್ದರು.

ವಿಜಯದಶಮಿಯ ಬೆಳಿಗ್ಗೆ ಎದುರು ಮನೆಯ ತಮಿಳು ಅಜ್ಜಿ ಗ್ಯಾಸ್ ಒಲೆಯ ಕಾಲಿನ ಬೋಲ್ಟು ಸಿಕ್ಕಿಕೊಂಡಿದೆ ಅಂತ ಬಂದರು. ಅತ್ತೆಯೂ ಮೊಮ್ಮಗಳೂ ನೋಡುತ್ತಿದ್ದಾರೆ. ನಾನು ನಮಸ್ಕಾರ ಮಾಡಿ, ಹಾರ ತೆಗೆದು, ಗದೆ ಎತ್ತಿಕೊಂಡು, ಹಲ್ಲು ಅಗಲಿಸುವ ಬೋಲ್ಟಿಗೆ ಕೈ ಹಾಕಿದೆ. ತಿರುಗಲಿಲ್ಲ. ಬಲ ಹಾಕಿದೆ. ಇಲ್ಲ. ನಾನು ವರ್ಷಗಟ್ಟಲೆ ಉಣಿಸಿದ್ದ ಎಣ್ಣೆಯೆಲ್ಲ ಹುಣಿಸೆ ನೀರಿನಲ್ಲಿ ಹೋಗಿತ್ತು, ತೀರ್ಥ ಮರೆಯೊಳಗೆ ಇಳಿದಿತ್ತು, ಒಳಗೆಲ್ಲ ಕೆಂಪಗೆ ತುಕ್ಕು ಕೂತು ಕಚ್ಚಿಕೊಂಡಿತ್ತು. ಗದೆಯನ್ನು ತೊಡೆಯ ಸಂದಿಯಲ್ಲಿ ಸಿಕ್ಕಿಸಿಕೊಂಡು ಹಲ್ಲು ಕಚ್ಚಿ ತಿರುಗಿಸಿದೆ. ಅದು ಅಲುಗಲಿಲ್ಲ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು.

ಅತ್ತೆ ಕನ್ನಡಕ ಸರಿ ಮಾಡಿಕೊಂಡು ಹತ್ತಿರ ಬಂದರು. ಬಗ್ಗಿ ಬೋಲ್ಟನ್ನು ನೋಡಿದರು, ಬೆವರುತ್ತಿದ್ದ ನನ್ನ ಮುಖವನ್ನೂ ನೋಡಿದರು.

"ಮೊದ್ಲು ಸ್ವಲ್ಪ ಬಿಗಿ ಮಾಡಿ ನೋಡಿ, ಅಳಿಯಂದ್ರೇ."